ಬರುವ ನೀರು, ಹೋಗುವ ನೀರು

ಮಲದಲ್ಲಿರುವ ರೋಗಾಣು ಇನ್ನೊಬ್ಬರ ಬಾಯಿ ಸೇರಲು ಹಿಡಿಯುವ ದಾರಿಗಳು ಕೆಲವೇ. ಕುಡಿಯುವ ನೀರು, ತೊಳೆಯದ ಕೈ, ನೊಣ, ಹಿತ್ತಲಿನ ಮಣ್ಣು, ಇವೆಲ್ಲದರ ಸೋಂಕು ತಗಲುವ ಅನ್ನ. ಕಾಲರಾ, ಟೈಫಾಯಿಡ್, ರಕ್ತಭೇದಿ, ಕಾಮಾಲೆಯ ಎರಡು ಬಗೆಗಳು, ಪೋಲಿಯೊ, ಹೊಟ್ಟೆಯ ದುಂಡುಹುಳು ಎಲ್ಲಕ್ಕೂ ಇವೇ ದಾರಿಗಳು. ಶುದ್ಧ ನೀರು ಇವುಗಳಲ್ಲಿ ಒಂದನ್ನು ಮುಚ್ಚುತ್ತದೆ. ಕಕ್ಕಸು, ಒಳಚರಂಡಿ ಮತ್ತು ಸೋಪು ಹಚ್ಚಿ ಕೈ ತೊಳೆಯುವ ಅಭ್ಯಾಸ ಉಳಿದವನ್ನು ಮುಚ್ಚುತ್ತವೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟ ಊರಿನಲ್ಲಿ ರೋಗ ಉಳಿದ ದಾರಿಯಲ್ಲೇ ಬರುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ತಂದುಕೊಂಡು, ತನ್ನದೇ ವೃಷಭಾವತಿಯನ್ನು ಕೊಳಚೆ ಕಾಲುವೆ ಮಾಡಿಕೊಂಡ ಪಶ್ಚಿಮ ಬೆಂಗಳೂರು ಇದನ್ನು ಅರಿಯಲು ತಕ್ಕ ಜಾಗ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಲ್ಲವೂ ಈ ಒಂದೇ ನದಿಯ ಕಣಿವೆಯಲ್ಲಿವೆ. ಇಲ್ಲಿನ ಮನೆಗಳಿಗೆ ನೀರು ಬರುವ ದಾರಿಗೂ ಅಲ್ಲಿಂದ ನೀರು ಹೋಗುವ ದಾರಿಗೂ ಸಿಕ್ಕಿರುವ ಗಮನ ಒಂದೇ ಸಮನಾಗಿಲ್ಲ.

ಹೊಟ್ಟೆಯೊಳಗಿನ ನಷ್ಟ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 14 ಲಕ್ಷ ಜನ ಸತ್ತದ್ದು ಕೆಟ್ಟ ನೀರು, ನೈರ್ಮಲ್ಯದ ಕೊರತೆ ಮತ್ತು ಕೈ ತೊಳೆಯಲು ಅನುಕೂಲವಿಲ್ಲದ ಕಾರಣಗಳಿಂದ. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ 3.95 ಲಕ್ಷ. ಈ ಸಾವುಗಳಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆದವು. 1980ರ ಸುಮಾರಿಗೆ ಭೇದಿಯೊಂದರಿಂದಲೇ ವರ್ಷಕ್ಕೆ 46 ಲಕ್ಷ ಮಕ್ಕಳು ಸಾಯುತ್ತಿದ್ದರು ಎಂಬ ಲೆಕ್ಕಕ್ಕೆ ಹೋಲಿಸಿದರೆ ಇಳಿಕೆ ದೊಡ್ಡದು. ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಉಪ್ಪು, ಸಕ್ಕರೆ ಬೆರೆಸಿದ ಓಆರ್‌ಎಸ್ ದ್ರಾವಣಕ್ಕೆ ಸಲ್ಲಬೇಕು. 1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳಿಗೆ ಡಾ. ದಿಲೀಪ್ ಮಹಾಲನಬೀಸ್ ಅದನ್ನು ಕುಡಿಸಿ, ಸಾವಿನ ಪ್ರಮಾಣವನ್ನು ಹತ್ತಿಕ್ಕಿ ತೋರಿಸಿದ್ದರು. ಆದರೆ ಓಆರ್‌ಎಸ್ ಮಗುವನ್ನು ಸಾವಿನಿಂದ ಉಳಿಸುತ್ತದೆ, ಮುಂದಿನ ತಿಂಗಳ ಭೇದಿಯನ್ನು ತಡೆಯುವುದಿಲ್ಲ. ಅದನ್ನು ತಡೆಯುವ ಕೆಲಸ ನೀರು ಮತ್ತು ಚರಂಡಿಯದು.

ಸಾವಿನ ಲೆಕ್ಕಕ್ಕೆ ಸಿಗದ ನಷ್ಟವೂ ಇದೆ. ಪದೇ ಪದೇ ಸೋಂಕು ತಗಲಿದ ಮಗುವಿನ ಸಣ್ಣಕರುಳಿನ ಒಳಪದರ ಸವೆಯುತ್ತದೆ. ಆಹಾರ ಹೀರಿಕೊಳ್ಳುವ ಬೆರಳಿನಂಥ ಮಡಿಕೆಗಳು ಕುಗ್ಗುತ್ತವೆ. ತಾಯಿ ಉಣಿಸಿದ ಮುದ್ದೆ, ಅನ್ನ, ಬೇಳೆಯ ಸತ್ವ ಮಗುವಿನ ಮೈಗೆ ಹತ್ತುವುದಿಲ್ಲ. ಜ್ವರ, ಭೇದಿ ಎಂದು ಹೊರಗೆ ಏನೂ ಕಾಣದಿದ್ದಾಗಲೂ ಈ ಸವೆತ ಒಳಗೊಳಗೇ ನಡೆದಿರಬಹುದು. ಎತ್ತರ ಕುಂಠಿತವಾದ ಮಕ್ಕಳಿಗೆ ಬರೀ ಹೆಚ್ಚು ಊಟ ಹಾಕಿದರೆ ಸಾಲದೆ ಹೋಗುವುದಕ್ಕೆ ಇದೊಂದು ಕಾರಣವೆಂದು ತಜ್ಞರು ಕಾಣುತ್ತಾರೆ. ಬಯಲ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಹೋಗುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಗರ್ಭಿಣಿಯರ ರಕ್ತಹೀನತೆಯ ಹಿಂದೆ ಈ ಹುಳುವಿನ ಕೈವಾಡವೂ ಇರುತ್ತದೆ.

ನೀರಿನ ಗುಣದಷ್ಟೇ ಪ್ರಮಾಣವೂ ಮುಖ್ಯ ಎಂಬುದನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಕಜ್ಜಿ, ಕಣ್ಣುಬೇನೆ, ಟ್ರಕೋಮಾದಂಥ ರೋಗಗಳು ಬರುವುದು ನೀರು ಕೊಳಕಾಗಿರುವುದರಿಂದ ಅಲ್ಲ, ಮೈ, ಮುಖ, ಬಟ್ಟೆ ತೊಳೆಯುವಷ್ಟು ನೀರು ಸಿಗದಿರುವುದರಿಂದ. ದಿನಕ್ಕೆ ಎರಡು ಕೊಡ ನೀರು ಸಿಗುವ ಮನೆಯಲ್ಲಿ ಮೊದಲು ನಿಲ್ಲುವುದು ಕೈ ತೊಳೆಯುವುದು. ಡೇವಿಡ್ ಬ್ರಾಡ್ಲಿ ಎಂಬ ವೈದ್ಯ ವಿಜ್ಞಾನಿ 1970ರ ದಶಕದಲ್ಲಿ ನೀರಿಗೆ ಸಂಬಂಧಿಸಿದ ರೋಗಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದರು. ಕುಡಿದು ಬರುವವು ಒಂದು ಬಗೆ, ತೊಳೆಯಲು ನೀರಿಲ್ಲದೆ ಬರುವವು ಇನ್ನೊಂದು. ನೀರಿನಲ್ಲೇ ಬಾಳುವ ಜೀವಿಗಳಿಂದ ಬರುವವು ಮೂರನೆಯವು, ನೀರಿನಲ್ಲಿ ಮೊಟ್ಟೆಯಿಡುವ ಸೊಳ್ಳೆಗಳಿಂದ ಬರುವವು ಕೊನೆಯವು.

ಮೂರನೆಯ ಬಗೆಗೆ ಕರ್ನಾಟಕದ ಹಳೆಯ ತಲೆಮಾರಿಗೆ ಗೊತ್ತಿದ್ದ ಉದಾಹರಣೆ ನಾರುಹುಣ್ಣು. ಮೆಟ್ಟಿಲು ಇಳಿದು ಕಾಲು ತೊಯ್ಯಿಸಿಕೊಂಡು ನೀರು ತುಂಬುವ ಬಾವಿಗಳಲ್ಲಿ ಇದು ಹರಡುತ್ತಿತ್ತು. ಹುಣ್ಣಾದ ಕಾಲಿನಿಂದ ಮರಿಗಳು ನೀರಿಗೆ ಬಿದ್ದು, ಬರಿಗಣ್ಣಿಗೆ ಸರಿಯಾಗಿ ಕಾಣದ ಸಣ್ಣ ಜಲಜೀವಿಗಳ ಹೊಟ್ಟೆ ಸೇರಿ, ಆ ನೀರು ಕುಡಿದವರ ಮೈಯಲ್ಲಿ ಒಂದು ವರ್ಷ ಬೆಳೆದು, ಮೊಳ ಉದ್ದದ ದಾರವಾಗಿ ಮತ್ತೆ ಕಾಲಿನಿಂದಲೇ ಹೊರಬರುತ್ತಿದ್ದವು. ಇದಕ್ಕೆ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿ, ಕೊಳವೆಬಾವಿ ಕೊರೆದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿ ದೇಶ ಈ ರೋಗವನ್ನು ಬೇರುಸಹಿತ ಕಿತ್ತುಹಾಕಿತು. ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನೀರಿನ ವ್ಯವಸ್ಥೆಯೊಂದರಿಂದಲೇ ಒಂದು ರೋಗ ಇಡೀ ದೇಶದಿಂದ ಹೋದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹೆಸರಘಟ್ಟದಿಂದ ಕಾವೇರಿಗೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲ. ಮಳೆ ನೀರನ್ನು ಕೆರೆಯಲ್ಲಿ ಹಿಡಿದಿಡುವುದೇ ಇಲ್ಲಿನ ಹಳೆಯ ಪದ್ಧತಿ. ಹಳೆಯ ಪೇಟೆಯ ಪಶ್ಚಿಮಕ್ಕೆ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳಿದ್ದವು. ಜನ ಹೆಚ್ಚಿದಂತೆ ಕೆರೆಗಳಿಗೆ ಊರ ಕೊಳೆ ಸೇರಿತು, ವಾಂತಿಭೇದಿ ಬಂದುಹೋಗುವುದು ಸಾಮಾನ್ಯವಾಯಿತು. ಧರ್ಮಾಂಬುಧಿ ಇದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ನಗರದ ವಾಯವ್ಯಕ್ಕಿರುವ ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರನ್ನು ಕೊಳವೆಯಲ್ಲಿ ತರಲಾಯಿತು. ಚಾಮರಾಜೇಂದ್ರ ಜಲ ಕಾಮಗಾರಿ ಎಂದು ಹೆಸರಾದ ಈ ಯೋಜನೆಯಿಂದ ಊರಿಗೆ ಮೊದಲ ಬಾರಿಗೆ ನಲ್ಲಿ ನೀರು ಬಂತು. ಎರಡೇ ವರ್ಷದಲ್ಲಿ, 1898ರ ಆಗಸ್ಟ್‌ನಲ್ಲಿ, ಪ್ಲೇಗು ಕಾಲಿಟ್ಟಿತು. ಪ್ಲೇಗು ನೀರಿನಿಂದ ಹರಡುವುದಲ್ಲ, ಇಲಿಗಳ ಚಿಗಟದಿಂದ ಹರಡುತ್ತದೆ. ಆದರೂ ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ, ಚರಂಡಿಯಿಲ್ಲದ ಪೇಟೆಯ ಬದುಕು ಎಷ್ಟು ಅಪಾಯದ್ದೆಂಬುದನ್ನು ಅದು ಆಡಳಿತಕ್ಕೆ ಮನಗಾಣಿಸಿತು. ಮಲ್ಲೇಶ್ವರ, ಬಸವನಗುಡಿಗಳು ಅಗಲ ಬೀದಿ, ಮನೆಗಳ ನಡುವೆ ಜಾಗ, ಹಿಂದೆ ಮಲ ಸಾಗಿಸುವ ಓಣಿಗಳ ಸಹಿತ ರೂಪುಗೊಂಡವು. ಆ ಓಣಿಗಳಲ್ಲಿ ಕಕ್ಕಸಿನ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ನಡೆದವರು ಇದ್ದರು. ಊರಿನ ಆರೋಗ್ಯದ ಆ ಅಧ್ಯಾಯವನ್ನು ಬರೆಯುವಾಗ ಅವರನ್ನು ಬಿಟ್ಟು ಬರೆಯುವುದು ಅನ್ಯಾಯ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ.

1933ರಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಎದ್ದು ಚಾಮರಾಜಸಾಗರವಾಯಿತು. ಹೊಸ ಬಡಾವಣೆಗಳನ್ನು ರೂಪಿಸಲು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಕೈಗಾರಿಕಾ ಉಪನಗರವೆಂದು ರಾಜಾಜಿನಗರ 1949ರಲ್ಲಿ ಶುರುವಾಯಿತು, ಬಳಿಕ ವಿಜಯನಗರ, ಬಸವೇಶ್ವರನಗರಗಳು ಪಶ್ಚಿಮಕ್ಕೆ ಹಬ್ಬಿದವು. ಕಾರ್ಖಾನೆ, ಬಟ್ಟೆಯ ಗಿರಣಿಗಳ ಕೆಲಸಗಾರರ ಬಡಾವಣೆಗಳಿಗೆ ಅರ್ಕಾವತಿಯ ನೀರು ಸಾಲದಾಯಿತು. 1964ರಲ್ಲಿ ನೀರು ಪೂರೈಕೆ ಮತ್ತು ಒಳಚರಂಡಿಯನ್ನು ಒಂದೇ ಕೈಗೆ ಒಪ್ಪಿಸುವ ಬೆಂಗಳೂರು ಜಲಮಂಡಳಿ ಹುಟ್ಟಿತು. ದೇಶದಲ್ಲಿ ಬರುವ ನೀರು ಒಂದು ಇಲಾಖೆಯದು, ಹೋಗುವ ನೀರು ಇನ್ನೊಂದರದು ಎಂದಿರುವ ನಗರಗಳು ಎಷ್ಟೋ ಇವೆ. ಎರಡನ್ನೂ ಒಂದೇ ಮಂಡಳಿಗೆ ಕೊಟ್ಟದ್ದು ವಿವೇಕದ ತೀರ್ಮಾನ.

ಕಾವೇರಿ ಮೊದಲ ಹಂತದ ನೀರು 1974ರಲ್ಲಿ ಬಂತು. ಶಿವ ಅಣೆಕಟ್ಟಿನ ಬಳಿ ಎತ್ತಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಒಟ್ಟು ಸುಮಾರು 500 ಮೀಟರ್ ಎತ್ತರ ಏರಿ ನಗರ ಸೇರುತ್ತದೆ. 1982, 1993, 2002, 2012ರಲ್ಲಿ ಮುಂದಿನ ಹಂತಗಳು ಮುಗಿದು ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುವಂತಾಯಿತು. 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರ್ ಸೇರಿಸುತ್ತದೆ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ 110 ಹಳ್ಳಿಗಳೇ ಅದರ ಮುಖ್ಯ ಗುರಿ. ಕೆಂಗೇರಿಯೂ ಅದೇ ವರ್ಷ ತನ್ನ ಪುರಸಭೆ ಕಳೆದುಕೊಂಡು ಮಹಾನಗರದೊಳಗೆ ಬಂತು.

ಶುದ್ಧೀಕರಣ ಎಂದರೆ ಏನಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ನದಿ ನೀರಿಗೆ ಸ್ಫಟಿಕದ ಜಾತಿಯ ರಾಸಾಯನಿಕ ಬೆರೆಸಿದಾಗ ಕೆಸರಿನ ನುಣ್ಣನೆಯ ಕಣಗಳು ಒಂದಕ್ಕೊಂದು ಅಂಟಿ ಗುಪ್ಪೆಯಾಗಿ ತಳ ಸೇರುತ್ತವೆ. ತಿಳಿಯಾದ ನೀರು ಮರಳಿನ ಹಾಸಿನಲ್ಲಿ ಸೋಸಿ ಬರುತ್ತದೆ. ಕೊನೆಯಲ್ಲಿ ಕ್ಲೋರಿನ್ ಸೇರುತ್ತದೆ. ಈ ಕ್ಲೋರಿನ್‌ಗೆ ಎರಡು ಕೆಲಸ. ಸ್ಥಾವರದಲ್ಲಿ ಉಳಿದ ರೋಗಾಣುಗಳನ್ನು ಕೊಲ್ಲುವುದು, ಮತ್ತು ಕೊಳವೆಯುದ್ದಕ್ಕೂ ಸ್ವಲ್ಪ ಉಳಿದುಕೊಂಡು ದಾರಿಯಲ್ಲಿ ಸೇರುವ ಕೊಳೆಯ ವಿರುದ್ಧ ಕಾವಲಿರುವುದು. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ನಲ್ಲಿ ನೀರಿನಲ್ಲಿ ಬರುವ ಆ ಸಣ್ಣ ವಾಸನೆಗೆ ಮುಖ ಸಿಂಡರಿಸುವವರಿದ್ದಾರೆ. ಆ ವಾಸನೆ ಇರುವುದೇ ಒಳ್ಳೆಯದು.

ಸೋಸಿದ ನೀರಿನ ಬೆಲೆ ಜಗತ್ತಿಗೆ ಮನವರಿಕೆಯಾದದ್ದು 1892ರಲ್ಲಿ ಜರ್ಮನಿಯ ಎಲ್ಬೆ ನದಿಯ ದಡದಲ್ಲಿ. ಹ್ಯಾಂಬರ್ಗ್ ನದಿ ನೀರನ್ನು ಸೋಸದೆ ಕುಡಿಯುತ್ತಿತ್ತು. ಪಕ್ಕದ ಆಲ್ಟೋನಾ ಪಟ್ಟಣ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಕೆಳಹರಿವಿನ ನೀರನ್ನೇ ಎತ್ತಿ, ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಕಾಲರಾ ಬಂದಾಗ ಹ್ಯಾಂಬರ್ಗ್‌ನಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಅದೇ ಕಾಲದಲ್ಲಿ ಅಮೆರಿಕದ ಲಾರೆನ್ಸ್ ಪಟ್ಟಣದಲ್ಲಿ ನೀರನ್ನು ಸೋಸಲು ಶುರು ಮಾಡಿದಾಗ ಟೈಫಾಯಿಡ್ ಸಾವುಗಳು ಇಳಿದವು. ಅವುಗಳ ಜೊತೆಗೆ ನೀರಿಗೆ ಸಂಬಂಧವೇ ಇಲ್ಲವೆಂದು ತಿಳಿದಿದ್ದ ಇತರ ಸಾವುಗಳೂ ಇಳಿದದ್ದನ್ನು ಎಂಜಿನಿಯರುಗಳು ಗಮನಿಸಿದರು. ಕರುಳಿನ ಸೋಂಕಿನಿಂದ ಬಸವಳಿದ ಮೈ ಬೇರೆ ರೋಗಗಳಿಗೂ ಸುಲಭವಾಗಿ ತುತ್ತಾಗುತ್ತದೆ ಎಂಬುದೇ ಇದಕ್ಕೆ ಅವರು ಕಂಡುಕೊಂಡ ವಿವರಣೆ.

ದಿನ ಬಿಟ್ಟು ದಿನ

ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ವಿಜಯನಗರದ ಅಡುಗೆಮನೆಯವರೆಗೆ ಶುದ್ಧವಾಗಿಯೇ ಬರಬೇಕಾದರೆ ಕೊಳವೆ ಸದಾ ತುಂಬಿರಬೇಕು. ಬೆಂಗಳೂರಿನ ಹೆಚ್ಚಿನ ಬಡಾವಣೆಗಳಿಗೆ ಕಾವೇರಿ ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ. ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಸುತ್ತಲ ಮಣ್ಣಿನಲ್ಲಿ ಒಳಚರಂಡಿ ಸೋರಿದ ನೀರಿದ್ದರೆ ಹಳೆಯ ಕೀಲು, ಬಿರುಕುಗಳ ಮೂಲಕ ಅದು ಒಳಗೆ ಜಿನುಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೆಲವು ನಿಮಿಷದ ನೀರು ಅದನ್ನೆಲ್ಲ ಹೊತ್ತು ತರುತ್ತದೆ. ಕುಡಿಯುವ ನೀರಿನ ಕೊಳವೆ ಮತ್ತು ಒಳಚರಂಡಿಯ (ಯುಜಿಡಿ) ಕೊಳವೆ ಒಂದೇ ರಸ್ತೆಯಡಿ ಅಕ್ಕಪಕ್ಕದಲ್ಲಿರುವ ಕಡೆ ಈ ಅಪಾಯ ಹೆಚ್ಚು.

ಇದನ್ನು ಅಳೆದು ನೋಡಿದ ಅಧ್ಯಯನ ಕರ್ನಾಟಕದಲ್ಲೇ ನಡೆದಿದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಏರ್ಪಾಡಾಯಿತು. ಹುಬ್ಬಳ್ಳಿ-ಧಾರವಾಡದ ಉಳಿದ ವಾರ್ಡುಗಳಿಗೆ ನೀರು ಬರುತ್ತಿದ್ದುದು ಕೆಲವು ದಿನಕ್ಕೊಮ್ಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದರಲ್ಲಿ ಮಲದ ಗುರುತಾದ ಇ. ಕೋಲಿ ಸಿಕ್ಕಿತು. ಸದಾ ಬರುವ ನಲ್ಲಿಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 2015ರಲ್ಲಿ ಪ್ರಕಟವಾದ ಆರೋಗ್ಯದ ಫಲಿತಾಂಶ ಇನ್ನೂ ಯೋಚಿಸುವಂತಿದೆ. 24 ಗಂಟೆ ನೀರಿನ ವಾರ್ಡುಗಳಲ್ಲಿ ಟೈಫಾಯಿಡ್ ಕಂಡ ಮನೆಗಳು ಶೇ. 42ರಷ್ಟು ಕಡಿಮೆ ಇದ್ದವು. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆ ಇತ್ತು. ಸಾಧಾರಣ ಭೇದಿಯಲ್ಲಿ ಮಾತ್ರ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರಿನ ದಾರಿ ಮುಚ್ಚಿದರೂ ಕೈ, ನೊಣ, ಮಣ್ಣಿನ ದಾರಿಗಳು ತೆರೆದೇ ಇದ್ದರೆ ಹೀಗಾಗುವುದು ಸಹಜ.

ದಿನ ಬಿಟ್ಟು ದಿನದ ನೀರು ಮನೆಯೊಳಗೂ ತೊಂದರೆ ತರುತ್ತದೆ. ಅನುಕೂಲವಿದ್ದವರು ನೆಲದಡಿ ಸಂಪು ಕಟ್ಟಿಸಿ, ಮಾಳಿಗೆಯ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಟ್ಟು ನೀರು ಕೂಡಿಡುತ್ತಾರೆ. ಇಲ್ಲದವರು ಡ್ರಮ್ಮು, ಬಿಂದಿಗೆ, ಬಕೆಟ್ಟುಗಳಲ್ಲಿ ಹಿಡಿದಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಇಂಥ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ನೀರು ಬತ್ತಿದ ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಪಾತ್ರೆಗೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ ಎಂದು ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಾರೆ. ಆ ಮಾತು ಸರಿಯೇ. ನಿತ್ಯ ನೀರು ಬರುವ ಮನೆಯಲ್ಲಿ ಅಷ್ಟು ಪಾತ್ರೆಗಳೇ ಇರುವುದಿಲ್ಲ ಎಂಬುದೂ ನಿಜ.

ಅದೇ 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕೆಂಗೇರಿ ಸುತ್ತಲಿನ ಹೊಸ ಬಡಾವಣೆಗಳಂತೆ ಬೋರ್ ನೀರನ್ನೇ ನಂಬಿದ್ದ ಕಡೆ ಟ್ಯಾಂಕರ್ ಬಿಟ್ಟರೆ ಗತಿಯಿರಲಿಲ್ಲ. ಟ್ಯಾಂಕರಿನ ನೀರು ಎಲ್ಲಿಯದು, ಅದರಲ್ಲಿ ಕ್ಲೋರಿನ್ ಇದೆಯೇ ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಏಪ್ರಿಲ್ ಹೊತ್ತಿಗೆ ನಗರದಲ್ಲಿ ಕೆಲವು ಕಾಲರಾ ಪ್ರಕರಣಗಳು ದೃಢಪಟ್ಟವು. ನೀರಿನ ಕೊರತೆ ಬಂದಾಗಲೆಲ್ಲ ಜನ ಸಿಕ್ಕಿದ ನೀರನ್ನು ಕುಡಿಯುತ್ತಾರೆ, ಕೈ ತೊಳೆಯುವುದನ್ನು ಬಿಡುತ್ತಾರೆ. ರೋಗಕ್ಕೆ ಎರಡೂ ಕಡೆಯಿಂದ ಬಾಗಿಲು ತೆರೆದಂತಾಗುತ್ತದೆ.

ಕೊಳವೆಬಾವಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ನೈಟ್ರೇಟ್ ಇರಬಹುದು. ಒಳಚರಂಡಿಯ ಸೋರಿಕೆ ಮತ್ತು ಕಕ್ಕಸಿನ ಪಿಟ್ಟುಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ ಎಂಬುದು ಮಾನಕ. ಹಾಲುಗೂಸುಗಳ ರಕ್ತದಲ್ಲಿ ಆಮ್ಲಜನಕ ಸಾಗದಂತೆ ಅದು ಅಡ್ಡಿ ಮಾಡುತ್ತದೆ, ಕುದಿಸಿದರೂ ಹೋಗುವುದಿಲ್ಲ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ನೈಟ್ರೇಟ್, ಫ್ಲೋರೈಡ್‌ಗಳನ್ನು ತೆಗೆಯುತ್ತವೆ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿನಲ್ಲಿ ಎರಡು ದಿನ ಇಟ್ಟರೆ ರೋಗಾಣುಗಳಿಗೆ ಅದೇ ಮನೆಯಾಗುತ್ತದೆ. ಅನುಮಾನವಿದ್ದಾಗ ನೀರನ್ನು ಒಂದು ನಿಮಿಷವಾದರೂ ಚೆನ್ನಾಗಿ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು, ಕೈ ಅದ್ದದೆ ಹಿಡಿಯಿರುವ ಸೌಟಿನಲ್ಲಿ ಮೊಗೆಯುವುದು ಇಂದಿಗೂ ನಂಬಬಹುದಾದ ಉಪಾಯ. ಸಂಪನ್ನು ವರ್ಷಕ್ಕೆರಡು ಸಲ ತೊಳೆಸುವುದು, ಅದು ಮನೆಯ ಯುಜಿಡಿ ಛೇಂಬರಿಗೆ ಹತ್ತಿರವಿದ್ದರೆ ಗೋಡೆಯ ಬಿರುಕು ನೋಡಿಸುವುದೂ ಅಷ್ಟೇ ಅಗತ್ಯ.

ಹೋಗುವ ನೀರು

ಮನೆಗೆ ಬಂದ ನೀರಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಕಾವೇರಿಯ ಪ್ರತಿ ಹೊಸ ಹಂತವೂ ಹೊಸ ಕೊಳಚೆಯ ಹಂತವೇ. ಆ ನೀರಿಗೆ ಹೋಗಲು ದಾರಿ ಮಾಡದೆ ಬರುವ ನೀರನ್ನಷ್ಟೇ ಹೆಚ್ಚಿಸಿದರೆ ಮೋರಿ, ರಾಜಕಾಲುವೆ ಎನ್ನುವ ದೊಡ್ಡ ಮಳೆಕಾಲುವೆ, ಕೆರೆ ತುಂಬುತ್ತವೆ, ಆರೋಗ್ಯದ ಲಾಭ ಅಲ್ಲೇ ಸೋರಿಹೋಗುತ್ತದೆ.

ಕಕ್ಕಸು ಕಟ್ಟಿದ ಮಾತ್ರಕ್ಕೆ ಭೇದಿ ನಿಲ್ಲುವುದಿಲ್ಲವೆಂದು ತೋರಿಸಿದ ಅಧ್ಯಯನ ಒಡಿಶಾದ 100 ಹಳ್ಳಿಗಳದು. ಅವುಗಳಲ್ಲಿ ಕಕ್ಕಸು ಕಟ್ಟಿಸಿಕೊಟ್ಟ ಹಳ್ಳಿಗಳಲ್ಲಿ ಕಕ್ಕಸಿರುವ ಮನೆಗಳು ಶೇ. 9ರಿಂದ 63ಕ್ಕೆ ಏರಿದವು. ಆದರೂ 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಕ್ಕಳ ಭೇದಿ ಇಳಿದಿರಲಿಲ್ಲ. ಕಟ್ಟಿದ್ದನ್ನು ಎಲ್ಲರೂ ಬಳಸಿರಲಿಲ್ಲ, ಮೂರರಲ್ಲಿ ಒಂದು ಮನೆಗೆ ಅದು ಇರಲೇ ಇಲ್ಲ. ನೆರೆಮನೆಯ ಮಲ ಬಯಲಲ್ಲಿದ್ದರೆ ತನ್ನ ಮನೆಯ ಕಕ್ಕಸು ಮಗುವನ್ನು ಕಾಯುವುದು ಅಷ್ಟರಲ್ಲೇ ಇದೆ. ಇದಕ್ಕೆ ವ್ಯತಿರಿಕ್ತವಾದದ್ದು ಬ್ರೆಜಿಲ್‌ನ ಸಾಲ್ವಡಾರ್ ನಗರ. ಅಲ್ಲಿ 1990ರ ದಶಕದ ಕೊನೆಯಿಂದ ಇಡೀ ಊರಿಗೆ ಒಳಚರಂಡಿ ಹಾಕಿದರು. ಸಂಪರ್ಕ ಪಡೆದ ಮನೆಗಳು ಕಾಲು ಭಾಗದಿಂದ ಶೇ. 80ಕ್ಕೆ ಏರಿದವು. ಮಕ್ಕಳ ಭೇದಿ ಒಟ್ಟಾರೆ ಶೇ. 22ರಷ್ಟು ಇಳಿಯಿತು. ಮೊದಲು ಅತಿ ಹೆಚ್ಚು ಭೇದಿ ಇದ್ದ ಬಡ ಕೇರಿಗಳಲ್ಲಿ ಇಳಿಕೆ ಶೇ. 43. ಲಸಿಕೆಯಂತೆ ನೈರ್ಮಲ್ಯವೂ ಕೇರಿಯ ಎಲ್ಲರನ್ನೂ ತಲುಪಿದಾಗಲೇ ಪೂರ್ತಿ ಫಲ ಕೊಡುತ್ತದೆ.

ಬೆಂಗಳೂರಿನ ಕೊಳೆಗೇರಿಗಳಿಗೆ ಇದನ್ನು ತಲುಪಿಸಲು ಅಡ್ಡವಾಗಿದ್ದುದು ಬಹುಕಾಲ ಕಾಗದಪತ್ರ. ಜಾಗದ ಹಕ್ಕುಪತ್ರವಿಲ್ಲದವರಿಗೆ ಸಂಪರ್ಕ ಸಿಗುತ್ತಿರಲಿಲ್ಲ. 2000ದ ದಶಕದಲ್ಲಿ ಜಲಮಂಡಳಿ ಪಡಿತರ ಚೀಟಿಯಂಥ ವಾಸದ ಪುರಾವೆಯನ್ನೂ ಒಪ್ಪತೊಡಗಿತು. ಸಣ್ಣ ಬದಲಾವಣೆ ಎನಿಸಬಹುದು. ಬೀದಿ ನಲ್ಲಿಯ ಮುಂದೆ ಬೆಳಗಿನ ಜಾವದಿಂದ ಕೊಡ ಸಾಲಿಟ್ಟು ಕಾಯುತ್ತಿದ್ದ ಹೆಂಗಸರಿಗೆ, ಆ ಕೆಲಸಕ್ಕಾಗಿ ಶಾಲೆ ತಪ್ಪಿಸುತ್ತಿದ್ದ ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತು. ಕತ್ತಲಾಗುವವರೆಗೆ ತಡೆದುಕೊಳ್ಳುವ, ತಡೆದುಕೊಳ್ಳಲೆಂದೇ ನೀರು ಕಡಿಮೆ ಕುಡಿಯುವ ಹೆಂಗಸರಿಗೆ ಮೂತ್ರನಾಳದ ಸೋಂಕು ಹೆಚ್ಚು. ಮನೆಯ ಒಳಗೊಂದು ಬಾಗಿಲಿರುವ ಕಕ್ಕಸು ಈ ಬಾಧೆಯನ್ನು ನಿವಾರಿಸುತ್ತದೆ.

ಯುಜಿಡಿ ಕೊಳವೆ ಮುಟ್ಟದ ಬಡಾವಣೆಗಳಲ್ಲಿ ಮನೆಯ ಪಿಟ್ಟು ತುಂಬಿದಾಗ ಹೀರುವ ಲಾರಿ ಬರುತ್ತದೆ. ಅದು ಎಲ್ಲಿ ಹೋಗಿ ಖಾಲಿಯಾಗುತ್ತದೆ ಎಂಬುದರ ಮೇಲೆ ಆ ಸುತ್ತಲ ಆರೋಗ್ಯ ನಿಂತಿದೆ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಜೆಟ್ಟಿಂಗ್ ಯಂತ್ರಗಳೂ ಇವೆ. ಆದರೂ ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕಾರ್ಮಿಕರು ಜೀವ ತೆರುವ ಸುದ್ದಿ ನಿಂತಿಲ್ಲ. ಊರಿಗೆ ಆರೋಗ್ಯ ಕೊಡುವ ವ್ಯವಸ್ಥೆ ಅದನ್ನು ನಡೆಸುವವರ ಉಸಿರು ತೆಗೆಯುವುದನ್ನು ಯಾವ ಲೆಕ್ಕದಲ್ಲೂ ಒಪ್ಪಲಾಗದು.

ಕಣಿವೆಯ ಕೆಳಗೆ

ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತದೆಂದು ಜನ ನಂಬುವ ವೃಷಭಾವತಿಗೆ ಮಲ್ಲೇಶ್ವರ, ರಾಜಾಜಿನಗರದ ಕಡೆಯ ತೊರೆಗಳೂ ಸೇರುತ್ತವೆ. ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ಮೈಸೂರು ರಸ್ತೆಯ ಪಕ್ಕದಲ್ಲೇ ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಸೀಮೆಯ ಬೈರಮಂಗಲ ಕೆರೆ ತುಂಬಿ, ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮವೆಂಬ ಜಾಗದಲ್ಲಿ ಕಾವೇರಿಗೆ ಸೇರುತ್ತದೆ. ಪಶ್ಚಿಮ ಬೆಂಗಳೂರು ಬಳಸಿ ಬಿಟ್ಟ ಕಾವೇರಿ ಹೀಗೆ ಕಾವೇರಿಗೇ ಮರಳುತ್ತದೆ, ಕೆಳಗಿನ ಊರುಗಳು ಅದನ್ನೇ ಬಳಸಬೇಕು.

1970ರ ದಶಕದಲ್ಲಿ ನಗರದ ಮೂರು ಕಣಿವೆಗಳಿಗೆ ಕೊಳಚೆ ನೀರು ಸಂಸ್ಕರಣ ಘಟಕಗಳನ್ನು ಕಟ್ಟಿದಾಗ ಮೈಸೂರು ರಸ್ತೆಯಲ್ಲಿ ವೃಷಭಾವತಿ ಕಣಿವೆಯ ಘಟಕವೂ ಎದ್ದಿತು. ಅದರ ಸಾಮರ್ಥ್ಯ ಬೆಳೆದು ದಿನಕ್ಕೆ 18 ಕೋಟಿ ಲೀಟರ್ ಆಯಿತು. ಮೈಲಸಂದ್ರ, ದೊಡ್ಡಬೆಲೆಗಳಲ್ಲೂ ಘಟಕಗಳು ಬಂದವು. ಇಲ್ಲಿ ನಡೆಯುವುದು ನದಿ ತಾನೇ ಮಾಡುತ್ತಿದ್ದ ಕೆಲಸ, ಆದರೆ ಬೇಗನೆ. ಜಾಲರಿಯಲ್ಲಿ ಕಸ ತಡೆದು, ಮರಳು ಇಳಿಸಿ, ಕೆಸರು ತಂಗಿಸಿದ ಮೇಲೆ, ಗಾಳಿ ತಾಗುವ ಕಲ್ಲಿನ ಹಾಸಿನ ಮೇಲೋ ಗಾಳಿ ಊದುವ ತೊಟ್ಟಿಯಲ್ಲೋ ಬ್ಯಾಕ್ಟೀರಿಯಾಗಳಿಗೆ ಕೊಳೆಯನ್ನು ತಿನ್ನಲು ಬಿಡುತ್ತಾರೆ. ಅವು ತಿಂದು ಬೆಳೆದು ತಾವೇ ಕೆಸರಾಗಿ ಕೆಳಗೆ ಕೂರುತ್ತವೆ. ಮೇಲಿನ ನೀರು ಕ್ಲೋರಿನ್ ಸೇರಿ ಹೊರಹೋಗುತ್ತದೆ. ಕೈಗಾರಿಕೆಗಳಿಂದ ಬರುವ ಆಮ್ಲ, ಸೀಸ, ಕ್ರೋಮಿಯಂಗಳನ್ನು ಈ ಬ್ಯಾಕ್ಟೀರಿಯಾಗಳು ತಿನ್ನಲಾರವು. ಅವು ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಆದ್ದರಿಂದ ಪೀಣ್ಯ, ರಾಜಾಜಿನಗರ, ಮೈಸೂರು ರಸ್ತೆಯ ಕಾರ್ಖಾನೆಗಳ ನೀರನ್ನು ಅಲ್ಲಲ್ಲೇ ಸಂಸ್ಕರಿಸದೆ ರಾಜಕಾಲುವೆಗೆ ಬಿಟ್ಟರೆ ಕೆಳಗಿನ ದೊಡ್ಡ ಘಟಕದ ಕೆಲಸವೂ ಕೆಡುತ್ತದೆ.

ಕೊಳಚೆ ನೀರಿನ ಒಂದು ಪಾಲು ಘಟಕ ಮುಟ್ಟದೆ ನೇರವಾಗಿ ಮಳೆಕಾಲುವೆಗೆ ಬೀಳುತ್ತಲೇ ಇದೆ. ಅದರ ಫಲ ಅನುಭವಿಸುವವರು ಬೈರಮಂಗಲದ ಸುತ್ತಲಿನ ಹಳ್ಳಿಗಳ ಜನ. ಕೆರೆಯ ಕೋಡಿಯಲ್ಲಿ ನೊರೆ ಏಳುತ್ತದೆ. ಆ ನೀರಿನಲ್ಲಿ ಹುಲ್ಲು, ಹಿಪ್ಪುನೇರಳೆ, ತರಕಾರಿ ಬೆಳೆಯುತ್ತಾರೆ. ಹೊಲದಲ್ಲಿ ಬರಿಗಾಲಲ್ಲಿ ನಿಂತವರ ಚರ್ಮಕ್ಕೆ ತುರಿ ಹತ್ತುತ್ತದೆ, ಅಂತರ್ಜಲಕ್ಕೂ ಮಾಲಿನ್ಯ ಇಳಿಯುತ್ತದೆ. ಅಲ್ಲಿನ ಸೊಪ್ಪು, ಹಾಲು ಮತ್ತೆ ನಗರದ ಮಾರುಕಟ್ಟೆಗೇ ಬರುತ್ತವೆ.

ಕೊಳಚೆ ಬೆರೆತ ನೀರು ನಗರಕ್ಕೇ ಹಿಂತಿರುಗಿದರೆ ಏನಾಗುತ್ತದೆಂಬುದಕ್ಕೆ ದೆಹಲಿಯ ಉದಾಹರಣೆ ಇದೆ. 1955ರ ಪ್ರವಾಹದ ನಂತರ ಯಮುನೆಯ ಪಾತ್ರ ಬದಲಾಗಿ, ನಜಫ್‌ಗಢ ಕಾಲುವೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗಕ್ಕೆ ಹಿಮ್ಮುಖವಾಗಿ ಬಂತು. ಅಪಾಯ ಗೊತ್ತಾಗಿ ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯಿಡ್ ಏರಲಿಲ್ಲ. ಆದರೆ ಕ್ಲೋರಿನ್‌ಗೆ ಅಷ್ಟು ಸುಲಭವಾಗಿ ಸಾಯದ ವೈರಸ್ ಉಳಿದು ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು, ಗರ್ಭಿಣಿಯರಲ್ಲಿ ಸಾವು ಹೆಚ್ಚಿತ್ತು. ಅದು ಹೆಪಟೈಟಿಸ್ ಇ ಎಂದು ದಶಕಗಳ ನಂತರ ಗೊತ್ತಾಯಿತು. ಬರುವ ನೀರಿಗೆ ಎಷ್ಟೇ ಔಷಧಿ ಹಾಕಿದರೂ ಹೋಗುವ ನೀರಿನ ನಿರ್ಲಕ್ಷ್ಯವನ್ನು ಪೂರ್ತಿ ಸರಿದೂಗಿಸಲಾಗದು ಎಂಬುದು ಆಗ ಕಂಡದ್ದು. ಕರ್ನಾಟಕದಲ್ಲೂ 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅಸ್ವಸ್ಥರಾಗಿ ಹಲವರು ಸತ್ತರು.

ಸಂಸ್ಕರಿಸಿದ ನೀರಿಗೆ ಈಗ ಬೇಡಿಕೆಯೂ ಇದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಕೊಳವೆಬಾವಿಗಳಿಗೆ ನೀರು ಬಂದಿತೆಂದು ರೈತರು ಹೇಳಿದರೆ, ಸಂಸ್ಕರಣೆಯನ್ನು ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೆಯ ಹಂತಕ್ಕೂ ಒಯ್ಯಬೇಕೆಂದು ಹೋರಾಟಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಎರಡು ಮಾತಿಗೂ ಆಧಾರವಿದೆ. ವೃಷಭಾವತಿ ಕಣಿವೆಯ ನೀರನ್ನೂ ಬೆಂಗಳೂರಿನ ಸುತ್ತಲ ಕೆರೆಗಳಿಗೆ ಏರಿಸುವ ಯೋಜನೆ ಕೈಗೆತ್ತಿಕೊಂಡಿರುವುದರಿಂದ ಇದು ಪಶ್ಚಿಮ ಬೆಂಗಳೂರಿನದೂ ಆದ ಪ್ರಶ್ನೆ. ಮೊದಲು ಮುಗಿಯಬೇಕಾದದ್ದು ಮೂರು ಕೆಲಸ: ಮಳೆಕಾಲುವೆಗೆ ಕದ್ದು ಜೋಡಿಸಿದ ಚರಂಡಿ ಕೊಳವೆಗಳನ್ನು ಹುಡುಕಿ ಯುಜಿಡಿಗೆ ತಿರುಗಿಸುವುದು, ಹೊಸ ಬಡಾವಣೆಗಳಿಗೆ ಕಾವೇರಿ ಕೊಳವೆಯ ಜೊತೆಯಲ್ಲೇ ಒಳಚರಂಡಿ ಹಾಕುವುದು, ಮತ್ತು ಘಟಕಗಳಿಂದ ಹೊರಬೀಳುವ ನೀರಿನ ಪರೀಕ್ಷೆಯ ಅಂಕಿಗಳನ್ನು ಬೈರಮಂಗಲದ ರೈತರೂ ಓದುವಂತೆ ಕನ್ನಡದಲ್ಲಿ, ಕಾಲಕಾಲಕ್ಕೆ ಪ್ರಕಟಿಸುವುದು.